ಲೈಟ್ ಆರಿತ್ತಾ, ಉರೀತಿತ್ತಾ?

ಪುಟ್ಟ, ನಿನ್ನ ಮೆಸೇಜ್ ಮೂರು ಸಲ ಓದಿದೆ. ಈಗ ತಾನೇ ಅಂಗಡಿ ಬಾಗಿಲು ಹಾಕಿದೀನಿ, ಟೈಪ್ ಮಾಡಕ್ಕೆ ಕೂತ್ರೆ ರಾತ್ರಿ ಆಗುತ್ತೆ, ಅದಕ್ಕೇ ಬಾಯಲ್ಲೇ ಹೇಳ್ತೀನಿ. ದೊಡ್ಡಮ್ಮ, ನೀವೂ ಕೇಳಿಸ್ಕೊಳ್ಳಿ, ಗಾಬರಿ ಬೇಡ. ಆರು ತಿಂಗಳು ಕೂತು ಕೈಯಾರೆ ಎಲೆಕ್ಟ್ರಿಕ್ ಸ್ಕೇಟ್‌ಬೋರ್ಡ್ ಮಾಡಿದಾನೆ, ಅದನ್ನ ಮೂಲೆಗೆ ಹಾಕಿಸಬೇಡಿ.

ಸಮತಟ್ಟು ರಸ್ತೇಲಿ ಚೆನ್ನಾಗಿ ಓಡುತ್ತೆ, ಬೆಟ್ಟದ ಪಾದದ ಹತ್ರ ಏರು ಸಿಕ್ಕಿದ್ ತಕ್ಷಣ ಪವರ್ ಹೋಗುತ್ತೆ, ಎರಡು ನಿಮಿಷ ಬಿಟ್ಟು ಆನ್ ಮಾಡಿದ್ರೆ ಮತ್ತೆ ಹೊರಡುತ್ತೆ, ರಿಮೋಟಲ್ಲಿ ಚಾರ್ಜ್ ಇನ್ನೂ 45% ಇರುತ್ತೆ ಅಂದೆ. ಮೋಟರ್ ಹೋಗಿರಬೇಕು, ಹೊಸದು ತರ್ಲಾ ಅಂತ ಕೇಳಿದೀಯ. ತರಬೇಡ.

ಮೊದಲು ಒಂದು ಹೇಳು. ನಿಂತಾಗ, ಮೋಟರಿಗೆ ಕರೆಂಟ್ ಕೊಡೋ ಕಂಟ್ರೋಲರ್ ಇದೆಯಲ್ಲ, ಅದರ ಲೈಟ್ ಆರಿತ್ತಾ, ಉರೀತಿತ್ತಾ? ಉರೀತಿದ್ರೆ ಕಂಟ್ರೋಲರೇ ಏನೋ ನೋಡಿ ನಿಲ್ಲಿಸಿದೆ ಅಂತ. ಆಗ ಸ್ವಿಚ್ ಮುಟ್ಟಬೇಡ, ಅಲ್ಲೇ ಫೋನಲ್ಲಿ ಕಂಟ್ರೋಲರಿನ ಆ್ಯಪ್ ವೆಸ್ಕ್ ಟೂಲ್ ಹಾಕಿ ಫಾಲ್ಟ್ ಲಿಸ್ಟ್ ನೋಡು. ಆಫ್ ಮಾಡಿದ್ರೆ ಲಿಸ್ಟ್ ಅಳಿಸಿ ಹೋಗುತ್ತೆ. ಪೂರ್ತಿ ಆರಿತ್ತು ಅಂದ್ರೆ ಬ್ಯಾಟರಿ ಕಡೆಯಿಂದಲೇ ಕರೆಂಟ್ ಬಂದಿಲ್ಲ. ಒಂದೋ ಬ್ಯಾಟರಿ ಕಾಯೋ ಸರ್ಕ್ಯೂಟ್ ಬಿಎಂಎಸ್ ಕಟ್ ಮಾಡಿದೆ, ಇಲ್ಲ ಕನೆಕ್ಟರ್ ಲೂಸು. ನೀನು ಹೇಳಿದ್ದು ಕೇಳಿದ್ರೆ ನನಗೆ ಬಿಎಂಎಸ್ ಮೇಲೇ ಅನುಮಾನ.

ಯಾಕೆ ಅಂದ್ರೆ, ನಿಂದು 36 ವೋಲ್ಟ್ ಪ್ಯಾಕು, ಎರಡೆರಡು ಸೆಲ್ಲಿನ ಹತ್ತು ಗುಂಪು. ರಿಮೋಟ್ ನೋಡೋದು ಒಟ್ಟು ವೋಲ್ಟೇಜ್ ಮಾತ್ರ. ಬಿಎಂಎಸ್ ಒಂದೊಂದು ಗುಂಪನ್ನೂ ನೋಡುತ್ತೆ. ಏರಲ್ಲಿ ಕರೆಂಟ್ ಜಾಸ್ತಿ ಎಳೆದಾಗ ಹತ್ತರಲ್ಲಿ ಒಂದೇ ಒಂದು ಗುಂಪು 2.8 ವೋಲ್ಟಿಗೆ ಕುಸಿದ್ರೂ ಸಾಕು, ಇಡೀ ಪ್ಯಾಕ್ ಬಂದ್. ಲೋಡ್ ಹೋದ್ಮೇಲೆ ವೋಲ್ಟೇಜ್ ಮತ್ತೆ ಮೇಲೇರುತ್ತೆ, ಅದಕ್ಕೇ ಎರಡು ನಿಮಿಷಕ್ಕೆ ಜೀವ ಬರೋದು.

ಹೋದ ತಿಂಗಳು ಒಂದು ಸ್ಕೂಟರ್ ಪ್ಯಾಕ್ ಬಂದಿತ್ತು, ಥೇಟ್ ಇದೇ ಕಾಯಿಲೆ. ಫುಲ್ ಚಾರ್ಜಲ್ಲಿ ಅಳೆದೆ, ಎಲ್ಲಾ ಗುಂಪೂ 4.2ರ ಹತ್ತಿರ. ಇಡೀ ದಿನ ಕಂಟ್ರೋಲರ್ ಬಿಚ್ಚಿ ನೋಡ್ತಾ ಕೂತೆ. ಸಂಜೆ ಅರ್ಧ ಖಾಲಿ ಮಾಡಿ ಅಳೆದ್ರೆ ಒಂಬತ್ತು ಗುಂಪು 3.7, ಏಳನೇದು ಮಾತ್ರ 3.4. ಸ್ಟಿಕ್ಕರ್ ಕಿತ್ತು ಟಾರ್ಚ್ ಹಾಕಿದ್ರೆ ಸೆಲ್‌ಗಳನ್ನ ಜೋಡಿಸೋ ನಿಕ್ಕಲ್ ಪಟ್ಟಿ ವೆಲ್ಡಿಂಗ್ ಬಿಟ್ಟು ಸೆಲ್ಲಿಂದ ಎದ್ದಿತ್ತು, ಸಂದೀಲಿ ಕೂದಲೆಳೆ ಹೋಗೋಷ್ಟು ಜಾಗ. ಒಂದು ಸೆಲ್ ಸುಮ್ನೆ ಕೂತಿತ್ತು, ಪಕ್ಕದ್ದೇ ಇಬ್ಬರ ಕೆಲಸ ಮಾಡ್ತಿತ್ತು. ನಿನ್ನ ಬೋರ್ಡಿಗಂತೂ ಸಸ್ಪೆನ್ಷನ್ನೇ ಇಲ್ಲ, ರಸ್ತೆಯ ಪ್ರತಿ ಕಲ್ಲೂ ನೇರ ಆ ವೆಲ್ಡಿಂಗಿಗೇ ಬಡಿಯುತ್ತೆ.

ಅದಕ್ಕೇ ಅರ್ಧ ಚಾರ್ಜಿಗೆ ಇಳಿಸಿ, ಬಿಎಂಎಸ್ಸಿಗೆ ಹೋಗೋ ಸಣ್ಣ ವೈರ್‌ಗಳ ಪಿನ್ನಲ್ಲಿ ಒಂದೊಂದು ಗುಂಪನ್ನೂ ಅಳೆ. ಕೈಯಲ್ಲಿ ಉಂಗುರ, ವಾಚ್ ಬೇಡ. ಮೀಟರ್ ಕಡ್ಡಿಗೆ ತುದಿ ಮಾತ್ರ ಬಿಟ್ಟು ಟೇಪ್ ಸುತ್ತು, ಜಾರಿ ಪಕ್ಕದ ಪಿನ್ನಿಗೆ ತಾಗಿದ್ರೆ ಆ ಸಣ್ಣ ವೈರ್ ಸುಟ್ಟು ಹೋಗುತ್ತೆ. ಹಾಗೇ ಬ್ಯಾಟರಿ, ಕಂಟ್ರೋಲರ್ ಸೇರಿಸೋ ಹಳದಿ ಎಕ್ಸ್‌ಟಿ 60 ಕನೆಕ್ಟರ್ ಬಿಚ್ಚಿ ನೋಡು, ಒಳಗೆ ಕಂದು ಬಣ್ಣಕ್ಕೆ ತಿರುಗಿದ್ರೆ ಬದಲಾಯಿಸು.

ನಿನ್ನ ಫ್ರೆಂಡ್ ಬಿಎಂಎಸ್ ಬೈಪಾಸ್ ಮಾಡು ಅಂದ್ನಂತೆ. ದಯವಿಟ್ಟು ಮಾಡಬೇಡ. ಬೈಪಾಸ್ ಮಾಡಿ ಓಡಿಸೋರು ಇದಾರೆ ನಿಜ, ಅವರ ಪ್ಯಾಕ್ ಗಟ್ಟಿಯಾಗಿರುತ್ತೆ. ನಿಂದ್ರಲ್ಲಿ ಸೋತ ಗುಂಪಿದ್ರೆ ಕಂಟ್ರೋಲರಿಗೆ ಅದು ಕಾಣಲ್ಲ, ಸತ್ತು ಹೋಗೋವರೆಗೂ ಎಳೆಯುತ್ತೆ. ಹಾಗೆ ಸತ್ತ ಲಿಥಿಯಂ ಸೆಲ್ ಮತ್ತೆ ಚಾರ್ಜಿಗೆ ಹಾಕಿದಾಗ ಬೆಂಕಿ ಹತ್ತಬಹುದು ಕಣೋ, ಮನೇಲಿ ಅಜ್ಜಿ ಮಲಗಿರ್ತಾರೆ.

ಕಂಟ್ರೋಲರ್ ಸೆಟ್ಟಿಂಗಲ್ಲಿ ಬ್ಯಾಟರಿ ಕರೆಂಟ್ 40 ಆಂಪ್ ಇಟ್ಟಿದೀಯ. ನಿನ್ನ ಸೆಲ್ ತಡೆಯೋದು ತಲಾ 10, ಎರಡು ಸೇರಿ 20. ಅಷ್ಟಕ್ಕೇ ಇಳಿಸು. ಕಟಾಫ್, ಅಂದ್ರೆ ಪವರ್ ಇಳಿಸೋ ವೋಲ್ಟೇಜ್, 34ಕ್ಕೆ ಶುರು, 31ಕ್ಕೆ ಕೊನೆ ಅಂತ ಇಡು, ಆಗ ಪವರ್ ದಡಕ್ಕಂತ ಹೋಗದೆ ಮೆಲ್ಲಗೆ ಕಮ್ಮಿ ಆಗುತ್ತೆ.

ಇನ್ನೊಂದು ಮಾತು, ಮರೆಯಬೇಡ. ಫುಲ್ ಚಾರ್ಜ್ ಮಾಡ್ಕೊಂಡು ಸೀದಾ ಇಳಿಜಾರಿಗೆ ಹೋಗಬೇಡ. ಬ್ರೇಕ್ ಹಿಡಿದಾಗ ಮೋಟರ್ ಕರೆಂಟನ್ನ ಬ್ಯಾಟರಿಗೇ ವಾಪಸ್ ತಳ್ಳುತ್ತೆ, ತುಂಬಿದ ಪ್ಯಾಕಲ್ಲಿ ಬಿಎಂಎಸ್ ಕಟ್ ಮಾಡಿದ್ರೆ ಬ್ರೇಕೇ ಇರಲ್ಲ. ಏರಲ್ಲಿ ನಿಂತ್ರೆ ಇಳಿದು ನಡೀಬಹುದು, ಇಳಿಜಾರಲ್ಲಿ ಹಾಗಾಗಲ್ಲ.

ಹತ್ತು ಗುಂಪಿನ ನಂಬರ್ ಹಾಳೇಲಿ ಬರೆದು ಫೋಟೋ ಹಾಕು. ಭಾನುವಾರ ಬರ್ತೀನಿ, ಸ್ಪಾಟ್ ವೆಲ್ಡಿಂಗ್ ಮೆಷಿನ್ ನಾನೇ ತರ್ತೀನಿ. ಅಲ್ಲೀವರೆಗೂ ಚಾರ್ಜಿಗೆ ಹಾಕಬೇಡ.