ಪಾತ್ರಕ್ಕೆ ರೇಣುಕೆ ಅಂತ ಹೆಸರಿಡಲಾ?

ಪ್ರಶ್ನೆ (ತೀರ್ಥಹಳ್ಳಿಯಿಂದ):
ಮೊದಲ ಕಾದಂಬರಿ ಬರೆಯುತ್ತಿದ್ದೇನೆ. ಅಡಿಕೆ ತೋಟದ ಮನೆ. ಅಪ್ಪನ ಮಾತು ಕೇಳಿ ಮಗನೇ ತಾಯಿಯನ್ನು ಹೊರಗೆ ಹಾಕುತ್ತಾನೆ. ಮೊನ್ನೆ ತುಂಗೆಯ ರಾಮತೀರ್ಥದಲ್ಲಿ ಕೂತಿದ್ದೆ. ಪರಶುರಾಮ ಕೊಡಲಿಯ ರಕ್ತ ತೊಳೆದ ಜಾಗ ಅಂತಾರಲ್ಲ, ಅಲ್ಲೇ ರೇಣುಕೆ ಅನ್ನೋ ಹೆಸರು ಹೊಳೆಯಿತು. ಮಗ ರಾಮ, ಅಪ್ಪ ಜಮದಗ್ನಿ ಅಂತಿಟ್ಟರೆ ಮೊದಲ ಪುಟದಲ್ಲೇ ಕಥೆ ಗೊತ್ತಾಗಿಬಿಡುತ್ತದೆ, ಅಲ್ವಾ?

ಉತ್ತರ 1 (ಸೊರಬದಿಂದ):
ರೇಣುಕೆಯನ್ನು ಬಿಡಬೇಡಿ, ಉಳಿದ ಇಬ್ಬರನ್ನು ಬಿಡಿ. ಚಂದ್ರಗುತ್ತಿ ರೇಣುಕಾಂಬೆ ನಮ್ಮ ತಾಲ್ಲೂಕಿನವಳೇ. ನಮ್ಮ ದೊಡ್ಡತ್ತೆಯೂ ರೇಣುಕಮ್ಮ, ಕೇರಿಗೆಲ್ಲ ರೇಣಕ್ಕ. ಹಾಗೆ ಕೂಗಿಸಿ. ಪುರಾಣ ತಾನಾಗಿ ನೆನಪಾಗುತ್ತದೆ.

ಉತ್ತರ 2:
ಹೆಸರಿನ ಜೊತೆ ಕೊಡವನ್ನೂ ತನ್ನಿ. ರೇಣು ಅಂದ್ರೆ ಧೂಳು, ಹೂವಿನ ಪರಾಗವೂ ಹೌದು. ಅವಳು ಹಸಿ ಮಣ್ಣಿನ ಕೊಡದಲ್ಲಿ ನೀರು ತರುತ್ತಿದ್ದಳು. ಗಂಧರ್ವನನ್ನು ನೋಡಿ ಮನಸ್ಸು ಒಂದು ಗಳಿಗೆ ಅಲುಗಿತು, ಅವತ್ತು ಕೊಡ ನಿಲ್ಲಲಿಲ್ಲ. ಅಷ್ಟಕ್ಕೇ ತಲೆ ಹೋಯಿತು! ಈಗಲೂ ಸಂಕಟವಾಗುತ್ತದೆ. ನಿಮ್ಮ ರೇಣಕ್ಕ ಬಾವಿಯಿಂದ ಬಚ್ಚಲ ಹಂಡೆಗೆ ನೀರು ಹೊರುವಾಗ ಒಂದು ಸಲ ನಿಂತು ಯಾರನ್ನೋ ನೋಡಲಿ. ಸಾಕು.

ಉತ್ತರ 3:
ಪರಶುರಾಮ ವರ ಕೇಳಿ ಅಮ್ಮನನ್ನು ಬದುಕಿಸಿಕೊಂಡ. ನಿಮ್ಮ ಹುಡುಗ?

ಪ್ರಶ್ನೆ ಕೇಳಿದವರು:
ಅವನ ಹೆಸರು ಸುಮ್ನೆ ನಾಗರಾಜ ಅಂತಿಡುತ್ತೇನೆ. ಅವನು ಕರೆಯೋಕೆ ಹೋಗುತ್ತಾನೆ. ರೇಣಕ್ಕ ವಾಪಸ್ ಬರಲ್ಲ.