ಪದಚರ್ಚೆ: ಪ್ರಾಜೆಕ್ಟ್ ‘ಆಗಿದೆ’ ಎಂದರೆ ಏನಾಗಿದೆ?

ಗೆಳೆಯರೇ, ನಮಸ್ಕಾರ.

ಕಲಬುರಗಿಯಲ್ಲಿ ಕಂಪ್ಯೂಟರ್ ಸೈನ್ಸ್ ಕೊನೆಯ ವರ್ಷದವರ ಪ್ರಾಜೆಕ್ಟುಗಳಿಗೆ ಮಾರ್ಗದರ್ಶನ ಮಾಡುವವನು ನಾನು, ಭಾಷಾತಜ್ಞನಲ್ಲ. ಒಂದು ಕ್ರಿಯಾಪದ ಕೈಕೊಟ್ಟಿದೆ, ಅದಕ್ಕೆ ಈ ಪತ್ರ.

ಈ ಸಲ ನನ್ನ ನಾಲ್ವರು ವಿದ್ಯಾರ್ಥಿಗಳು ಗಂಜಿನ, ಅಂದರೆ ಧಾನ್ಯದ ಸಗಟು ಮಾರುಕಟ್ಟೆಯ, ಒಂದು ಅಡತ್ (ದಲಾಲಿ) ಅಂಗಡಿಗೆ ತೊಗರಿಯ ಲೆಕ್ಕಪಟ್ಟಿ ಮಾಡುವ ತಂತ್ರಾಂಶ ಬರೆಯುತ್ತಿದ್ದಾರೆ. ತೂಕ, ದರ, ಹಮಾಲಿ ಹಾಕಿದರೆ ರೈತನ ಕೈಗೆ ಪಟ್ಟಿ ಬರಬೇಕು. ಏನೇನು ಮಾಡಿಕೊಡುತ್ತೀರಿ, ಯಾವಾಗ ಕೊಡುತ್ತೀರಿ ಎಂದು ಕನ್ನಡದಲ್ಲಿ ಒಂದು ಪುಟ ಬರೆದು ಅಂಗಡಿಯ ಲೆಕ್ಕ ಬರೆಯುವ ಮುನೀಮರ ಸಹಿ ತನ್ನಿ ಎಂದೆ. ‘ಯೋಜನೆಯ ಯೋಜನೆ’ ಎಂಬ ತಲೆಬರಹ ಹಾಕಿಕೊಂಡು ಬಂದರು. ಪ್ರಾಜೆಕ್ಟೂ ಯೋಜನೆ, ಪ್ಲ್ಯಾನೂ ಯೋಜನೆ. ನಿಘಂಟಿನ ಪ್ರಕಾರ ಹುಡುಗರದು ತಪ್ಪಿಲ್ಲ. ಮುನೀಮರು ಕನ್ನಡಕ ಏರಿಸಿ ಓದಿ, “ಇದರಲ್ಲಿ ಸಬ್ಸಿಡಿ ಎಷ್ಟು?” ಎಂದು ಕೇಳಿದರು. ಅವರ ಪಾಲಿಗೆ ಯೋಜನೆ ಎಂದರೆ ಸರ್ಕಾರದ್ದು. ಪ್ರಾಜೆಕ್ಟನ್ನು ಹಾಗೆಯೇ ಉಳಿಸಿಕೊಂಡು, ಪ್ಲ್ಯಾನನ್ನು ‘ಕೆಲಸದ ಕ್ರಮ’ ಎಂದು ಮಾಡಿಕೊಂಡೆವು. ಅದರಲ್ಲಿ ನನಗೆ ತಕರಾರಿಲ್ಲ.

‘ಗಡುವು’ ಎಂದು ಬರೆದದ್ದನ್ನೂ ಅವರು ‘ಮುದ್ದತು’ ಎಂದು ತಿದ್ದಿಸಿದರು. ನನ್ನ ಕಿವಿಗೆ ಇವೆರಡೂ ಬೇರೆ. ಮುದ್ದತು ಠೇವಣಿ ಎನ್ನುವಾಗ ಇಡೀ ಅವಧಿ ಕಣ್ಣ ಮುಂದೆ ಬರುತ್ತದೆ. ಗಡುವು ಎಂದರೆ ಕೊನೆಯ ದಿನ, ಜೊತೆಗೆ ಸ್ವಲ್ಪ ಬೆದರಿಕೆ. ಅರಬ್ಬಿಯಲ್ಲಿ ಕೊಟ್ಟ ಮಾತು ಎಂಬ ಅರ್ಥವಿದ್ದ ‘ವಾಯಿದೆ’ ನಮ್ಮಲ್ಲಿ ದಿನ ಮುಂದೂಡುವುದಕ್ಕೂ ಬಳಕೆಯಾಗುತ್ತದೆ. ನಮ್ಮ ಹುಡುಗರು ಬಳಸುವುದು ಈ ಕೊನೆಯದನ್ನೇ.

ಈಗ ನಿಜವಾದ ತೊಡಕು. ಪ್ರತಿ ರಿವ್ಯೂನಲ್ಲೂ ಕೇಳಿಸುವ ಮಾತು, “ಸರ್, ಪ್ರಾಜೆಕ್ಟ್ ಆಗಿದೆ.” ಆಗಿದೆ ಎಂದ ಮೇಲೆ ಅಂಗಡಿಗೆ ಹೋಗಿ ಹಳೆಯ ಪಟ್ಟಿಗಳ ಜೊತೆ ತಾಳೆ ನೋಡಲು ಕುಳಿತೆವು. 7 ಕ್ವಿಂಟಾಲ್ 5 ಕಿಲೋ ತೂಕವನ್ನು ಮುನೀಮರು 7.5 ಎಂದು ಒತ್ತಿದರು. ಅವರ ವಹಿಯಲ್ಲಿ ಬರೆಯುವುದೇ ಹಾಗೆ: ಚುಕ್ಕೆಯ ಈಚೆ ಕ್ವಿಂಟಾಲ್, ಆಚೆ ಕಿಲೋ. ಕಂಪ್ಯೂಟರ್ ಅದನ್ನು ಏಳೂವರೆ ಕ್ವಿಂಟಾಲ್ ಎಂದು ಹಿಡಿಯಿತು. ಬೆಳೆಯದೇ ಇದ್ದ 45 ಕಿಲೋ ತೊಗರಿ ಪಟ್ಟಿಯಲ್ಲಿ ಹುಟ್ಟಿಕೊಂಡಿತು. ಕ್ವಿಂಟಾಲಿಗೆ 7,000 ರೂಪಾಯಿ ಎಂದು ಹಿಡಿದರೂ 3,150 ರೂಪಾಯಿ. “ಕೋಡ್ ಸರಿಯಾಗಿದೆ ಸರ್, ಅವರು ಒತ್ತಿದ್ದು ತಪ್ಪು” ಎಂದ ಒಬ್ಬ. ಮುನೀಮರು ಏನೂ ಹೇಳದೆ ವಹಿ ಮುಚ್ಚಿದರು. ಆಮೇಲೆ ಹುಡುಗರು ಕ್ವಿಂಟಾಲಿಗೊಂದು, ಕಿಲೋಗೊಂದು ಖಾನೆ ಮಾಡಿದ್ದಾರೆ, ಅದು ಬೇರೆ ಮಾತು.

ತಂತ್ರಾಂಶದ ಕೆಲಸಕ್ಕೆ ಹಿಡಿಯುವ ಸಮಯದ ಬಗ್ಗೆ ಅಮೆರಿಕದ ಕಂಪ್ಯೂಟರ್ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲಿ ಕೊಟ್ಟ ಅಂದಾಜಿನಲ್ಲಿ, ಒಟ್ಟು ಸಮಯದ ಮೂರನೇ ಒಂದು ಭಾಗ ಯೋಜಿಸುವುದಕ್ಕೆ, ಆರನೇ ಒಂದು ಭಾಗ ಮಾತ್ರ ಕೋಡ್ ಬರೆಯುವುದಕ್ಕೆ, ಉಳಿದ ಅರ್ಧ ಪರೀಕ್ಷೆಗೆ. ನಮ್ಮ ಹುಡುಗರ ‘ಆಗಿದೆ’ ಆ ಆರನೇ ಒಂದು ಭಾಗದ ಕೊನೆಯಲ್ಲಿ ಬಾಯಿಂದ ಬರುತ್ತದೆ.

ಕನ್ನಡಕ್ಕೆ ಇಲ್ಲಿ ಬಡತನವೇನಿಲ್ಲ. ಬರೆದಾಯಿತು, ಬರೆದಿಟ್ಟಿದೆ, ಬರೆದು ಮುಗಿದಿದೆ, ಬರೆದುಕೊಟ್ಟಿದೆ: ನಾಲ್ಕಕ್ಕೂ ನಾಲ್ಕು ಸ್ಥಿತಿ. ಕೊನೆಯದರಲ್ಲಿ ಮಾತ್ರ ಎದುರಿಗೆ ಪಡೆಯುವವನೊಬ್ಬ ಇದ್ದಾನೆ. ಹಾಗಾಗಿ ‘ಕೆಲಸದ ಕ್ರಮ’ದ ಹಾಳೆಯಲ್ಲಿ ಪ್ರತಿ ಕೆಲಸದ ಮುಂದೆ ನಾಲ್ಕು ಕಾಲಮ್ ಹಾಕಿಸಿದ್ದೇನೆ. ಮೊದಲನೆಯದು ‘ಗೊತ್ತುಮಾಡಿದ್ದು’, ಎರಡನೆಯದು ‘ಬರೆದದ್ದು’, ಮೂರನೆಯದು ‘ತಾಳೆ ನೋಡಿದ್ದು’. ‘ಪರೀಕ್ಷೆ’ ಎಂದು ಹಾಕಿದ್ದರೆ ಹುಡುಗರಿಗೆ ಹಾಲ್ ಟಿಕೆಟ್ ನೆನಪಾಗುತ್ತಿತ್ತು.

ನಾಲ್ಕನೆಯದಕ್ಕೆ ನನ್ನ ಬಳಿ ಎರಡು ಪದಗಳಿವೆ, ಎರಡರಲ್ಲೂ ಅನುಮಾನವಿದೆ. ಒಂದು ‘ಒಪ್ಪಿಸಿದ್ದು’. ವಸ್ತುವನ್ನು ಕೈಗೆ ಕೊಡುವುದೂ, ಎದುರಿನವರನ್ನು ಹೌದೆನ್ನಿಸುವುದೂ ಒಂದೇ ಪದದಲ್ಲಿ ಬರುತ್ತದೆ; ಇಂಗ್ಲಿಷಿನವರು ಡೆಲಿವರಿ, ಅಕ್ಸೆಪ್ಟೆನ್ಸ್ ಎಂದು ಎರಡು ಮಾಡುವುದನ್ನು ನಾವು ಒಂದರಲ್ಲೇ ಮುಗಿಸಬಹುದು. ಆದರೆ ಮಗ್ಗಿ ಒಪ್ಪಿಸಿದ ನೆನಪು ಅದಕ್ಕೆ ಅಂಟಿಕೊಂಡಿದೆ. ಅರ್ಥವಾಗದೆ ಗಿಳಿಪಾಠ ಒಪ್ಪಿಸಿದರೂ ಒಪ್ಪಿಸಿದಂತೆಯೇ ತಾನೆ?

ಇನ್ನೊಂದು ಪದ ತಂಡದ ಹುಡುಗಿಯೊಬ್ಬಳ ತಂದೆಯದು. ಅವರು ಆಳಂದದ ಕಡೆಯ ರೈತರು. ಪ್ರಾಜೆಕ್ಟ್ ಎಲ್ಲಿಗೆ ಬಂತು ಎಂದು ಫೋನಿನಲ್ಲಿ ಕೇಳಿದಾಗ ಮಗಳು ‘ಆಗಿದೆ’ ಎಂದಳಂತೆ. “ಕಟಾವು ಆಗಿದೆಯೋ, ರಾಶಿ ಆಗಿದೆಯೋ?” ಎಂದರಂತೆ ಅವರು. ದಕ್ಷಿಣದವರಿಗೆ ಒಂದು ಮಾತು: ನಮ್ಮ ಕಡೆ ರಾಶಿ ಎಂದರೆ ಗುಪ್ಪೆಯಷ್ಟೇ ಅಲ್ಲ, ಕಾಳು ಬೇರೆ ಮಾಡುವ ಕೆಲಸವೂ ಹೌದು. ಕೊಯ್ದು ಒಣಗಲು ಬಿಟ್ಟ ತೊಗರಿಗೆ ಮಳೆ ಬಿದ್ದರೆ ಕಟಾವು ಮಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ. ರಾಶಿಯಾದ ಮೇಲೆಯೇ ಚೀಲ, ತೂಕ, ಗಂಜು. ನನಗೆ ಈ ಪದವೇ ಹಿಡಿಸಿದೆ. ಆದರೆ ಮೈಸೂರಿನ ಓದುಗರು ಕಾಲಮ್ಮಿನ ತಲೆಯಲ್ಲಿ ‘ರಾಶಿ’ ಎಂದು ಕಂಡರೆ ಮೇಷ, ವೃಷಭ ಹುಡುಕುತ್ತಾರೆಯೇ?

ಮಂಡ್ಯ, ಕರಾವಳಿ, ಮಲೆನಾಡಿನ ಕಡೆ ಬೆಳೆ ಮನೆಗೆ ಬಂದು ಸೇರಿದ್ದಕ್ಕೆ, ನೇಯ್ದ ಸೀರೆ ಮಗ್ಗದಿಂದ ಇಳಿದದ್ದಕ್ಕೆ, ಕಟ್ಟಿದ ಮನೆಯ ಕೀಲಿ ಯಜಮಾನನ ಕೈ ಸೇರಿದ್ದಕ್ಕೆ ಏನೆನ್ನುತ್ತೀರಿ? ಬಳಕೆಯಲ್ಲಿರುವ ಪದವನ್ನೇ ತಿಳಿಸಿ, ಹೊಸದಾಗಿ ಟಂಕಿಸಿದ್ದು ಬೇಡ. ಸೋಮವಾರ ಎರಡನೆಯ ರಿವ್ಯೂ ಇದೆ. ನಾಲ್ಕನೆಯ ಕಾಲಮ್ಮಿನ ತಲೆ ಇನ್ನೂ ಖಾಲಿ ಇದೆ.