ಪದಚರ್ಚೆ: ಅಣುಗಳ ‘ಆರ್ಡರ್’ಗೆ ಓರಣ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಉಡುಪಿಯ ಪದವಿ ವಿದ್ಯಾರ್ಥಿಗಳಿಗೆಂದು ಲಿಪಿಡ್ (ಕೊಬ್ಬಿನ ಜಾತಿಯ ಅಣು) ಪದರಗಳ ರೋಹಿತ (ಸ್ಪೆಕ್ಟ್ರಮ್) ಅಧ್ಯಯನದ ಮೇಲೊಂದು ಕನ್ನಡ ಪಾಠ ಬರೆಯುತ್ತಿದ್ದೇನೆ. ಲಿಪಿಡ್, ಲೇಸರ್ ಹಾಗೆಯೇ ಇರಲಿ. ಪೊರೆ, ಪದರ, ರೋಹಿತ ನಮ್ಮಲ್ಲೇ ಇವೆ. ತೊಡಕಾಗಿರುವುದು ‘ಮಾಲಿಕ್ಯುಲರ್ ಆರ್ಡರ್’.

‘ಕ್ರಮ’ ಎಂದರೆ ಓದುಗರು ಒಂದಾದ ಮೇಲೊಂದು ಎಂದೇ ತಿಳಿಯುತ್ತಾರೆ; ಡಿಎನ್‌ಎ ಪಾಠದ ‘ಅನುಕ್ರಮ’ ಬೇರೆ ತಲೆಯಲ್ಲಿ ಕೂತಿರುತ್ತದೆ. ಇಲ್ಲಿ ಹೇಳಬೇಕಾದದ್ದು ಲಿಪಿಡ್‌ನ ಬಾಲಗಳು, ಅಂದರೆ ಅದರ ಉದ್ದನೆಯ ಇಂಗಾಲದ ಸರಪಳಿಗಳು, ಎಷ್ಟು ನೆಟ್ಟಗೆ, ಎಷ್ಟು ಒತ್ತಾಗಿ, ಒಂದೇ ದಿಕ್ಕಿಗೆ ನಿಂತಿವೆ ಎಂಬುದನ್ನು. ಡಿಪಿಪಿಸಿ ಎಂಬ ಲಿಪಿಡ್‌ನ ಇಪ್ಪದರ (ಜೋಡಿ ಪದರ) ಸುಮಾರು 41 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಾಲಗಳು ಅಲ್ಲಲ್ಲಿ ತಿರುಚಿ ಸಡಿಲಾಗುತ್ತವೆ. ಡಿಸೆಂಬರಿನ ಬೆಳಗ್ಗೆ ಗಟ್ಟಿಯಾದ ತೆಂಗಿನೆಣ್ಣೆ ಬಿಸಿಲೇರಿದ ಮೇಲೆ ಕರಗುವ ಹಾಗೆ. ಆದರೆ ಇಲ್ಲಿ ಸಡಿಲಾದ ಮೇಲೂ ಪದರ ಪದರವಾಗಿಯೇ ಉಳಿಯುತ್ತದೆ.

ಇದನ್ನು ಬೆಳಕಿನಿಂದ ಅಳೆಯುವ ಬಗೆ ಸೊಗಸಾಗಿದೆ. ನೀರಿನ ಮೇಲಿನ ಒಂಟಿ ಪದರಕ್ಕೆ ಒಂದು ಗೋಚರ, ಒಂದು ಇನ್‌ಫ್ರಾರೆಡ್ ಲೇಸರ್ ಕಿರಣವನ್ನು ಒಟ್ಟಿಗೆ ಬೀಳಿಸಿದರೆ, ಎರಡರ ಆವರ್ತನವೂ ಕೂಡಿದ ಮೂರನೆಯ ಬೆಳಕು ಹೊರಡುತ್ತದೆ. ಬಾಲ ನೆಟ್ಟಗಿದ್ದರೆ ನಡುವಿನ ಸಿಎಚ್2 ಗುಂಪುಗಳ ಸಂಕೇತಗಳು ಒಂದನ್ನೊಂದು ಹೊಡೆದುಹಾಕುತ್ತವೆ. ತುದಿಯ ಸಿಎಚ್3 ಮಾತ್ರ 2875ರ ಆಸುಪಾಸಿನ ತರಂಗಸಂಖ್ಯೆಯಲ್ಲಿ (ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಎಂಬ ಲೆಕ್ಕ) ಎದ್ದು ಕಾಣುತ್ತದೆ. ಬಾಲ ತಿರುಚಿತೋ, 2850ರ ಬಳಿ ಸಿಎಚ್2 ತಲೆಯೆತ್ತುತ್ತದೆ. ಈ ಎರಡು ಶಿಖರಗಳ ಅನುಪಾತವೇ ಅಳತೆಗೋಲು.

ಹಾಗಾಗಿ ಹೆಚ್ಚು-ಕಡಿಮೆ ಎನ್ನಲು ಬರುವ ಪದ ಬೇಕು. ‘ಶಿಸ್ತು’ ಎಂದರೆ ಮೇಷ್ಟ್ರ ಬೆತ್ತ ನೆನಪಾಗುತ್ತದೆ, ‘ವ್ಯವಸ್ಥೆ’ ತೀರಾ ಅಗಲ. ‘ಓರಣ’ ನನಗೆ ಹಿಡಿಸಿದೆ: ‘ಓರಣ ಹೆಚ್ಚಿತು’, ‘ಓರಣ ತಗ್ಗಿತು’.

ಆಮೇಲಿನ ತೊಂದರೆ ‘ಆರ್ಡರ್ ಪ್ಯಾರಾಮೀಟರ್’, ಅಂದರೆ ಈ ಓರಣವನ್ನು ಹೇಳುವ ಅಂಕಿ. ಬಾಲಗಳು ಗೊತ್ತುಗುರಿಯಿಲ್ಲದೆ ಹರಡಿದ್ದರೆ 0, ಪೂರ್ತಿ ಒಂದೇ ದಿಕ್ಕಿಗಿದ್ದರೆ 1. ‘ಕ್ರಮಾಂಕ’ ಎಂದರೆ ಹಾಲ್ ಟಿಕೆಟ್ಟಿನ ನಂಬರಾಗುತ್ತದೆ. ‘ಓರಣಾಂಕ’ ಅರಿಸಮಾಸ (ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಸಮಾಸ) ಎಂದು ನಮ್ಮ ಪಂಡಿತರು ಎಗರಿಬಿದ್ದಾರು. ಬೀಳಲಿ, ‘ಓರಣದ ಅಳತೆ’ಗಿಂತ ಅದು ಚುರುಕಾಗಿದೆ.

ನಿಜವಾಗಿ ಉತ್ತರ ಬೇಕಿರುವುದು ಇದಕ್ಕೆ. ‘ಡಿಸಾರ್ಡರ್’ ಅನ್ನು ‘ಓರಣಗೇಡು’ ಎನ್ನಲು ಮನಸ್ಸಿಲ್ಲ. ಜೀವಕೋಶದ ಪೊರೆ ಕೆಲಸ ಮಾಡಲು ಆ ಸಡಿಲತನ ಬೇಕೇಬೇಕು. ‘ಗೇಡು’ ಎಂದರೆ ಏನೋ ಕೆಟ್ಟಿತು ಎನಿಸುತ್ತದೆ. ‘ಸಡಿಲು’ ಸಾಕೇ? ಅಥವಾ ಭೌತಶಾಸ್ತ್ರ ಕಲಿಸುವವರ ಬಾಯಲ್ಲಿ ಬೇರೆ ಪದವೇನಾದರೂ ಓಡಾಡುತ್ತಿದೆಯೇ?